ಬೆಂಚಿನಿಂದ ನೆಲಕ್ಕೆ ಕಾಲು ಎಟುಕದ ಮಕ್ಕಳು

ಬಾಲವಾಡಿ (ಒಂದನೇ ಕ್ಲಾಸಿಗೆ ಮುಂಚೆ ಪುಟ್ಟ ಮಕ್ಕಳು ಹೋಗುವ ಶಾಲೆ) ಚೆನ್ನಾಗಿದ್ದರೆ ಒಂದನೇ ಕ್ಲಾಸು ತಾನಾಗೇ ಸಲೀಸು ಅಂತ ಒಂದು ಲೇಖನದಲ್ಲಿ ಓದಿದೆ. ಅಷ್ಟು ಸುಲಭ ಅಲ್ಲ ರೀ. ನಾವು ಮುಂಬೈ ಹತ್ತಿರದ ಡೊಂಬಿವಲಿಯವರು. ಮಗಳು ಬಾಲವಾಡಿಯಲ್ಲಿ ಚಾಪೆ ಮೇಲೆ ಕೂತು ಹುಣಸೆ ಬೀಜ ಎಣಿಸಿ ಕಲಿತವಳು. ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಹೋದಳು. ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮೊದಲ ವಾರವೇ ನೂರರವರೆಗೆ ಬರೆಯುವ ಹೋಂವರ್ಕ್! ಬೀಜ ಕೊಟ್ಟರೆ ಹನ್ನೆರಡು ಸರಿಯಾಗಿ ಎಣಿಸುತ್ತಿದ್ದಳು, ಪುಸ್ತಕದಲ್ಲಿ 21 ಅಂತ ಬರೆಯುತ್ತಿದ್ದಳು. "ಇವಳಿಗೇನೂ ಬರಲ್ಲ" ಅಂದುಬಿಟ್ಟರು ಟೀಚರ್.

2020ರ ಶಿಕ್ಷಣ ನೀತಿಯಲ್ಲಿ 3ರಿಂದ 8 ವರ್ಷದವರೆಗೆ ಒಂದೇ ಹಂತ. ಅಂದರೆ ಬಾಲವಾಡಿ, ಒಂದನೇ, ಎರಡನೇ ಕ್ಲಾಸು ಎಲ್ಲ ಒಂದೇ ಸರಪಳಿ. ಒಂದನೇ ಕ್ಲಾಸಿನ ಮೊದಲ ಮೂರು ತಿಂಗಳು ಆಟದ ಮೂಲಕವೇ ಕಲಿಸಲು ‘ವಿದ್ಯಾ ಪ್ರವೇಶ’ ಅಂತಲೂ ಇದೆ. ಕಾಗದದಲ್ಲಿ ಏನು ಕಡಿಮೆ ಹೇಳಿ? ನಮ್ಮ ಬಾಲವಾಡಿಗೂ ಶಾಲೆಗೂ ನಡುವೆ ಒಂದು ರಸ್ತೆ ಅಷ್ಟೇ, ಆದರೆ ಇಲ್ಲಿಯ ಟೀಚರ್ ಅಲ್ಲಿಯವರ ಮುಖ ನೋಡಿಲ್ಲ.

ಮೇ ರಜೆಗೆ ಮುಂಚೆ ಮಕ್ಕಳನ್ನು ಒಂದು ದಿನ ಆ ರಸ್ತೆ ದಾಟಿಸಿ ಕ್ಲಾಸು, ನಲ್ಲಿ, ಶೌಚಾಲಯ ತೋರಿಸಿದ್ದರೂ ಸಾಕಿತ್ತು. ಮೊದಲ ದಿನ ಮಗಳು ಕೇಳೋಕೆ ಹೆದರಿ ಮನೆಗೆ ಬರೋವರೆಗೂ ತಡೆದುಕೊಂಡೇ ಕೂತಿದ್ದಳು.