ಉಸಾಬರಿ ಅಂದ್ರೆ ಯಾವುದು?

‘ವಿಜ್ಞಾನಿಗಳು ಲ್ಯಾಬ್ ನೋಡಿಕೊಂಡಿರಲಿ, ಊರ ಉಸಾಬರಿ ಯಾಕೆ’ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಲೇಖಕರೇ. ಹಾಗಾದ್ರೆ ಎಚ್. ನರಸಿಂಹಯ್ಯನವರು ಮಾಡಿದ್ದು ತಪ್ಪಾ ಸ್ವಾಮಿ? ಭೌತವಿಜ್ಞಾನದ ಮೇಷ್ಟ್ರು. 1976ರಲ್ಲಿ ಬೆಂಗಳೂರು ವಿವಿ ಕುಲಪತಿಯಾಗಿದ್ದಾಗಲೇ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ, ಪುಟ್ಟಪರ್ತಿಯ ಸಾಯಿಬಾಬಾ ಅವರಿಗೇ ಪತ್ರ ಬರೆದರು. ಬೈದವರು ಬೈದರು, ಅವರೇನೂ ಜಗ್ಗಲಿಲ್ಲ.

ನೀವು ಉದಾಹರಿಸಿದ ಅಮೆರಿಕದ ಜೀವವಿಜ್ಞಾನಿ ಜೇಮ್ಸ್ ವಾಟ್ಸನ್ ಕತೆ ಬೇರೆ. ಜನಾಂಗ, ಬುದ್ಧಿಮತ್ತೆ ಅಂತ ಆಧಾರವಿಲ್ಲದ ಮಾತಾಡಿದ್ದಕ್ಕೆ 2019ರಲ್ಲಿ ಅವರ ಸಂಸ್ಥೆಯೇ ಗೌರವ ಹುದ್ದೆಗಳನ್ನು ಕಿತ್ತುಕೊಂಡಿತು. ನೊಬೆಲ್ ಬಂದಿದ್ದು ಡಿಎನ್ಎ ರಚನೆಗೆ, ಬಾಯಿಗೆ ಬಂದಿದ್ದಕ್ಕಲ್ಲ.

ನಮ್ಮ ಮೈಸೂರಲ್ಲಿ ತೊಂದರೆ ಇನ್ನೊಂದು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಮಾಡ್ತಾ ಗಟ್ಟಿಯಾಗಿ ವಾದ ಮಾಡುವ ಅತಿಥಿ ಉಪನ್ಯಾಸಕರು ಅದನ್ನೇ ಫೇಸ್‌ಬುಕ್ಕಲ್ಲಿ ಬರೆಯಲ್ಲ. ಮುಂದಿನ ವರ್ಷ ಮತ್ತೆ ಕರೀಬೇಕಲ್ಲ! ಕಾಯಂ ನೌಕರಿಯ ಪ್ರೊಫೆಸರುಗಳೂ ಸುಮ್ಮನಿರೋದು ಯಾಕೋ?