ಸನ್ಮಾನಪತ್ರದಲ್ಲಿ ಇಲ್ಲದ ಕೆಲಸ

ನಿನ್ನೆ ಸಂಜೆ ಸಭೆಯಿಂದ ಸಿಟ್ಟು ಹೊತ್ತುಕೊಂಡೇ ಮನೆಗೆ ಬಂದೆ. ಉಂಡು ಮಲಗಿದರೂ ಇಳಿಯಲಿಲ್ಲ. ಇಲ್ಲಿ ಇಳಿಸುತ್ತಿದ್ದೇನೆ, ಉದ್ದವಾಯಿತೆಂದು ಕಂಡರೆ ಬೈದುಕೊಂಡೇ ಓದಿ.

ನಮ್ಮ ಕಾಸರಗೋಡು ಕಡೆಯ ಹೈಯರ್ ಸೆಕೆಂಡರಿ ಶಾಲೆಯೊಂದರಲ್ಲಿ ಪಾಠದ ಜೊತೆಗೆ, ಮುಂದೇನು ಓದಬೇಕೆಂದು ಮಕ್ಕಳಿಗೆ ದಾರಿ ತೋರುವ ಕೆರಿಯರ್ ಗೈಡ್ ಕೆಲಸವನ್ನೂ ವರ್ಷಾನುಗಟ್ಟಲೆ ಹೊತ್ತ ಟೀಚರಿಗೆ ವಿದಾಯದ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಇದ್ದವು. ಸನ್ಮಾನಪತ್ರದ ವಾಚನವೂ ಆಯಿತು: ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ, ನಿಷ್ಕಾಮ ಸೇವೆಯ ನಂದಾದೀಪ...’ ಹೆಸರೊಂದನ್ನು ಬದಲಿಸಿದರೆ ಇದನ್ನೇ ಸಹಕಾರಿ ಬ್ಯಾಂಕಿನ ನಿರ್ದೇಶಕರಿಗೂ ಓದಬಹುದು. ಓದಿಯೂ ಇದ್ದಾರೆಂದು ನನ್ನ ಗುಮಾನಿ. ಟೀಚರ್ ಇಷ್ಟು ವರ್ಷ ಮಾಡಿದ್ದೇನು ಎಂಬುದಕ್ಕೆ ಅದರಲ್ಲಿ ಒಂದು ಸಾಲಿಲ್ಲ. ಭಾಷಣಗಳಲ್ಲಿಯೂ ಇಲ್ಲ. ಒಬ್ಬರು ತಮ್ಮ ಬಾಲ್ಯ ಹೇಳಿದರು, ಇನ್ನೊಬ್ಬರು ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕೆ ಹೋದವರು ಹಿಂದಿರುಗಲೇ ಇಲ್ಲ. ರಾತ್ರಿಯಿಡೀ ಪೂರ್ವರಂಗವನ್ನೇ ಕುಣಿದು, ಪ್ರಸಂಗ ಆಡದೆ ಮೇಳ ಗಂಟು ಕಟ್ಟಿದ ಹಾಗಾಯಿತು. ಸನ್ಮಾನಿತರಿಗೆ ಸಿಕ್ಕಿದ್ದು ಕೊನೆಯ ಎರಡು ನಿಮಿಷ, ಅದೂ ‘ಸಮಯದ ಅಭಾವ’ ಎಂಬ ಎಚ್ಚರಿಕೆಯೊಂದಿಗೆ.

ಆ ಕೆಲಸ ಏನೆಂದು ನಾನೇ ಹೇಳುತ್ತೇನೆ. ಪ್ಲಸ್ ಟು ಮುಗಿದ ನಮ್ಮ ಮಕ್ಕಳ ಎದುರು ಎರಡು ರಾಜ್ಯಗಳ ಅರ್ಜಿಗಳಿರುತ್ತವೆ. ಈಚೆ ಕೇರಳದ ಕಣ್ಣೂರು ವಿಶ್ವವಿದ್ಯಾಲಯದ ಸೀಟು ಹಂಚಿಕೆಯ ಅಲಾಟ್‌ಮೆಂಟ್, ಆಚೆ ಕರ್ನಾಟಕದ ಸಿಇಟಿ. ಕಾಸರಗೋಡು, ಮಂಜೇಶ್ವರ, ಹೊಸದುರ್ಗದವರಿಗೆ ಅಲ್ಲಿ ಗಡಿನಾಡ ಕನ್ನಡಿಗರೆಂಬ ಅವಕಾಶವಿದೆ: ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಇಲ್ಲಿ ಕನಿಷ್ಠ 7 ವರ್ಷ ಓದಿರಬೇಕು, ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಗಡಿನಾಡ ಕನ್ನಡಕ್ಕಾಗಿ ಮೈಕಿನ ಮುಂದೆ ಗಂಟಲು ಹರಿದುಕೊಳ್ಳುವ ಎಷ್ಟು ಜನರಿಗೆ ಈ ನಿಯಮ ಗೊತ್ತು? ಟೀಚರಿಗೆ ಗೊತ್ತಿತ್ತು. ಅರ್ಜಿಯ ಕೊನೆಯ ದಿನಾಂಕಗಳನ್ನು ಕೆಂಪು ಶಾಯಿಯಲ್ಲಿ ಬರೆದ ಪುಸ್ತಕವೊಂದು ಅವರ ಚೀಲದಲ್ಲಿ ಸದಾ ಇರುತ್ತಿತ್ತು.

ಒಮ್ಮೆ ನಾನು ಅಲ್ಲಿದ್ದಾಗಲೇ ಪೈವಳಿಕೆ ಕಡೆಯ ಹುಡುಗಿಯೊಬ್ಬಳು ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಬರೆಯುವ ಆಪ್ಷನ್ ಪಟ್ಟಿ ತಂದಳು. ಗೆಳತಿ ಬರೆದಳೆಂದು ದೂರದ ಕಾಲೇಜೊಂದನ್ನು ಮೊದಲಿಗೆ ಬರೆದು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜನ್ನು ಕೆಳಕ್ಕೆ ತಳ್ಳಿದ್ದಳು. ಮೇಲಿನದು ಸಿಕ್ಕಿದರೆ ಕೆಳಗಿನವೆಲ್ಲ ತಾವಾಗಿಯೇ ರದ್ದಾಗುತ್ತವೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ಟೀಚರ್ ಅಂಕ ಕೇಳಲಿಲ್ಲ. “ನಿಮ್ಮ ಮನೆಯ ಹತ್ತಿರ ಬೆಳಗ್ಗಿನ ಮೊದಲ ಬಸ್ಸು ಎಷ್ಟು ಗಂಟೆಗೆ?” ಎಂದು ಕೇಳಿದರು. ಹುಡುಗಿ ಪಟ್ಟಿ ನೋಡಿದಳು, ಪೆನ್ನು ಕೇಳಿ ತೆಗೆದುಕೊಂಡು ತಾನೇ ತಿದ್ದಿದಳು.

ಇದನ್ನು ಸನ್ಮಾನಪತ್ರದಲ್ಲಿ ಬರೆಯಲು ಎಷ್ಟು ಸಾಲು ಬೇಕಿತ್ತು? ನಂದಾದೀಪವೊಂದನ್ನು ಆರಿಸಿದ್ದರೆ ಜಾಗ ಸಿಗುತ್ತಿತ್ತು.

‘ಅದು ಅವರ ಕರ್ತವ್ಯ, ಸಂಬಳ ಬರುತ್ತದಲ್ಲ’ ಎಂದರು ಪಕ್ಕದ ಕುರ್ಚಿಯವರು. ಸಂಬಳ ಬರುವುದು ಪಾಠಕ್ಕೆ ಸ್ವಾಮಿ. ಇದು ಹೆಗಲಿಗೆ ಬಿದ್ದ ಹೆಚ್ಚುವರಿ ಹೊಣೆ. ‘ಈಗ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ’ ಎಂಬುದು ಅವರ ಎರಡನೆಯ ಬಾಣ. ಸಿಗುತ್ತದೆ, ಯಾರು ಇಲ್ಲವೆಂದರು? ಆದರೆ ಸರಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಸಾಲು ನಿಂತು ತಂದ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಒಂದು ರೀತಿ, ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನ್ನೊಂದು ರೀತಿ ಇದ್ದರೆ, ಹಿಂದಿನ ದಿನವೇ ಅದನ್ನು ಕಣ್ಣಿಟ್ಟು ಹಿಡಿಯುವವರು ಯಾರು? 2020ರ ಮಾರ್ಚ್‌ನಲ್ಲಿ ಕೋವಿಡ್ ಎಂದು ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಕಾಲೇಜುಗಳಲ್ಲಿ ಓದುತ್ತಿದ್ದ ಹಳೆಯ ಮಕ್ಕಳು ‘ಪರೀಕ್ಷೆ ಏನಾಗುತ್ತದೆ ಟೀಚರ್’ ಎಂದು ಫೋನ್ ಮಾಡಿದ್ದು ಇವರಿಗೇ. ಆಗ ಅವರು ಇವರ ವಿದ್ಯಾರ್ಥಿಗಳೂ ಆಗಿರಲಿಲ್ಲ.

ನನ್ನ ಮನೆಯ ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ನೀಟ್ ಕೈಕೊಟ್ಟ ವರ್ಷ ಮಗಳು ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ನಾವು ಮಧೂರು ಗಣಪತಿಗೆ ಹರಕೆ ಹೊತ್ತು ಕುಳಿತಿದ್ದೆವು. ಟೀಚರ್ ಒಂದು ಮಧ್ಯಾಹ್ನ ಬಂದರು. ಫಲಿತಾಂಶದ ಮಾತೆತ್ತಲಿಲ್ಲ, ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಜೊತೆ ಹಲಸಿನ ಬೇಳೆ ಸುಲಿಯುತ್ತ, ತಮ್ಮ ಮನೆಯ ದನ ಕರು ಹಾಕಿದ ಕತೆ ಹೇಳುತ್ತ ಕುಳಿತರು. ಮಗಳು ಬಂದು ಬಾಗಿಲಲ್ಲಿ ನಿಂತಳು. ಮುಂದೆ ಏನು ಓದಿದಳು ಎಂಬುದು ಬೇರೆ ವಿಷಯ. ಆ ದಿನ ಉಂಡಳು.

ಕೇರಳದ ಸರಕಾರಿ ಕಾಲೇಜುಗಳ ಸ್ಥಿತಿ ನೋಡಿ. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಿರುವ ‘ಜೀವನಿ’ ಯೋಜನೆಯ ಆಪ್ತಸಮಾಲೋಚಕರಿಗೆ ಸೈಕಾಲಜಿ ಅಪ್ರೆಂಟಿಸ್ ಎಂಬ ಹೆಸರು, ತಾತ್ಕಾಲಿಕ ನೇಮಕ. ಮಕ್ಕಳು ಮನಸ್ಸು ಬಿಚ್ಚುವ ಹೊತ್ತಿಗೆ ಅವರ ಅವಧಿಯೇ ಮುಗಿದಿರುತ್ತದೆ. ಇಂಥ ಕೆಲಸದಲ್ಲಿ ಒಂದೇ ಕಡೆ ದೀರ್ಘಕಾಲ ನಿಂತವರು ಸಿಗುವುದೇ ಅಪರೂಪ. ಸಿಕ್ಕವರಿಗೂ ನಾವು ಕೊಡುವುದು ಬಾಡಿಗೆಯ ವಿಶೇಷಣಗಳನ್ನು!

ಮುಂದಿನ ತಿಂಗಳು ಇನ್ನೊಂದು ಶಾಲೆಯ ಮಾಸ್ತರರಿಗೆ ಇಂಥದೇ ಸನ್ಮಾನವಿದೆ. ಸಮಿತಿಯವರಿಗೆ ಹೇಳಿಬಿಟ್ಟಿದ್ದೇನೆ, ಪತ್ರ ಬರೆಯುವುದು ನಾನೇ. ಅವರ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ಅವರು ನಿಮಗೆ ಯಾವ ಅರ್ಜಿ ತುಂಬಿಸಿದರು, ಯಾವುದನ್ನು ಹರಿದು ಹಾಕಿಸಿದರು, ಯಾವ ಅಪ್ಪನ ಹತ್ತಿರ ಜಗಳವಾಡಿದರು ಎಂದು ಬರೆದು ಕಳುಹಿಸಿ. ‘ಸಾಕಾರಮೂರ್ತಿ’ ಎಂದು ಬರೆದು ಕಳುಹಿಸಿದವರ ಸಂದೇಶವನ್ನು ತೆರೆಯುವುದೂ ಇಲ್ಲ.