ನೀರು ಬಿಸಿಯಾದರೆ ಗಾಳ ಎತ್ತಿಬಿಡಿ
ಬೇಸಿಗೆಯಲ್ಲಿ ಟ್ರೌಟ್ ಅನ್ನೋ ತಣ್ಣೀರಿನ ಮೀನು ಹಿಡಿಯೋ ಬಗ್ಗೆ ಚೆನ್ನಾಗಿ ಬರೆದಿದ್ದೀರಿ ಸರ್, ಆದರೆ ನೀರಿನ ಬಿಸಿಯ ವಿಷಯ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಅದೇ ಮುಖ್ಯ ಅಲ್ವಾ? ನಾನು ಮೂಡಿಗೆರೆಯವನು, ಹೇಮಾವತಿಯಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕುತ್ತಲೇ ಬೆಳೆದವನು. ಒಂದು ಮೇ ತಿಂಗಳಲ್ಲಿ ಹಿಮಾಚಲದ ತೀರ್ಥನ್ ನದಿಗೆ ಹೋಗಿದ್ದೆ. ಅಲ್ಲಿ ಹುಳ ಇಲ್ಲ, ಕೊಕ್ಕೆಗೆ ಪುಕ್ಕ, ದಾರ ಸುತ್ತಿ ಮಾಡಿದ ಹುಸಿ ನೊಣ. ಅದಕ್ಕೆ ತೂಕವೇ ಇಲ್ಲ, ಗಾಳದ ದಪ್ಪ ದಾರದ ತೂಕದಲ್ಲೇ ಅದು ಹಾರಿ ಹೋಗಿ ಬೀಳಬೇಕು, ಆ ಬೀಸು ಕೈಗೆ ಹತ್ತೋದಕ್ಕೇ ನನಗೆ ಎರಡು ದಿನ ಬೇಕಾಯಿತು. ಕೊನೆಗೆ ಸಿಕ್ಕಿದ್ದು ಗೇಣುದ್ದದ ಬ್ರೌನ್ ಟ್ರೌಟ್. ಮೈಮೇಲೆ ಕೆಂಪು ಚುಕ್ಕೆ, ಸುತ್ತ ತಿಳಿ ಉಂಗುರ. ಕೈ ಒದ್ದೆ ಮಾಡಿಕೊಂಡು, ನೀರೊಳಗೇ ಕೊಕ್ಕೆ ಬಿಡಿಸಿ ಬಿಟ್ಟೆ.

ನೀರು 20 ಡಿಗ್ರಿ ಹತ್ತಿರ ಬಂದರೆ ದಯವಿಟ್ಟು ನಿಲ್ಲಿಸಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ಸುಸ್ತಾದ ಮೀನು ಬಿಟ್ಟ ಮೇಲೂ ಸಾಯಬಹುದು. ಬೆಳಗಿನ ಜಾವವೇ ಒಳ್ಳೆಯದು.

ನಮ್ಮ ಭದ್ರಾ, ಹೇಮಾವತಿಗೂ ಟ್ರೌಟ್ ಬಿಡಬಹುದಲ್ಲ ಅಂತ ಮೇಲಿನ ಕಾಮೆಂಟಲ್ಲಿ ಒಬ್ಬರು ಕೇಳಿದ್ದಾರೆ. ಬೇಡ. ಬೇಸಿಗೆಯಲ್ಲಿ ನಮ್ಮ ನೀರು ಅದಕ್ಕೆ ತೀರಾ ಬೆಚ್ಚಗೆ, ಮೇಲಾಗಿ ಅದು ಹೊರಗಿನ ಮೀನು. ಶೃಂಗೇರಿಯ ತುಂಗೆಯಲ್ಲಿ ದೇವರ ಮೀನು ಅಂತ ಯಾರೂ ಮುಟ್ಟದೆ ಉಳಿಸಿಕೊಂಡಿದ್ದೇವೆ, ಮೊದಲು ಅವು ಚೆನ್ನಾಗಿರಲಿ.